ದಧಿವ್ರತದ ತಿಂಗಳಲ್ಲಿ ಒಂದು ಬಟ್ಟಲು ಮೊಸರು

ಹೋದ ತಿಂಗಳು ಊರಿನಿಂದ ಬರುವ ನೆಂಟರನ್ನು ಕರೆತರಲು ಎಗ್ಮೋರ್ ಸ್ಟೇಷನ್ನಿಗೆ ಹೋಗಿದ್ದೆ. ರೈಲು ತಡ. ಬಿಸಿಲಲ್ಲಿ ನಿಲ್ಲಲಾರದೆ ಹಿಂದಿನ ರಸ್ತೆಯ ನೆರಳು ಹುಡುಕಿಕೊಂಡು ಹೊರಟೆ. ಅಲ್ಲೊಂದು ಬಾಗಿಲಿನಿಂದ ಫಿನಾಯಿಲ್ ವಾಸನೆ, ಅದರ ಬೆನ್ನಿಗೇ ಮಲ್ಲಿಗೆಯ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಯಾವ ಕಟ್ಟಡದ ಮುಂದೆ ನಿಂತಿದ್ದೇನೆ ಎಂದು ತಲೆಯೆತ್ತಿ ನೋಡುವ ಅಗತ್ಯವೇ ಬೀಳಲಿಲ್ಲ. ಅದು ಮಕ್ಕಳಾಗದವರ ಆಸ್ಪತ್ರೆ. ಬೇರೆ ಯಾವ ಆಸ್ಪತ್ರೆಗೂ ಹೆಂಗಸರು ತಲೆತುಂಬ ಹೂ ಮುಡಿದು ಹೋಗುವುದಿಲ್ಲ. ಇಲ್ಲಿಗೆ ಹೋಗುತ್ತಾರೆ, ರೇಷ್ಮೆ ಸೀರೆಯೊಂದು ಕಡಿಮೆ ಅಷ್ಟೆ. ಅವರನ್ನೇನು ಅನ್ನುವುದು, ನಾನೂ ಮುಡಿದುಕೊಂಡೇ ಹೋಗುತ್ತಿದ್ದೆ. ಅತ್ತೆ ಬೆಳಿಗ್ಗೆ ಎದ್ದು ಕಟ್ಟಿಟ್ಟಿರುತ್ತಿದ್ದರು, ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ರೈಲು ಬಂತು, ನೆಂಟರು ಇಳಿದರು, ಬಂದು ಉಂಡು ಹೋದರು. ಆದರೆ ಆ ವರ್ಷದ ಚಾತುರ್ಮಾಸ್ಯ ಆ ಬಾಗಿಲಿನಿಂದಲೇ ನನ್ನ ಬೆನ್ನು ಹತ್ತಿ ಬಂದಿದೆ. ಓಡಿಸಿದರೂ ಹೋಗುತ್ತಿಲ್ಲ. ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಮ್ಮ ಮನೆ ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿಗಳ ಗದ್ದಲದಿಂದ ಎರಡು ಓಣಿ ಒಳಗೆ. ನಾನು ಬಳ್ಳಾರಿಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಗುರುವಿನ ಮನೆತನದವರು ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ಗೊತ್ತಿಲ್ಲ. ಮಾಧ್ವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಮಾವ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ, ಗುರು, ನಾನು ಮೂವರೇ. ನಾನು ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಸಂಬಳದ ವಿಭಾಗ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಕ್ಯಾಬ್ ಹತ್ತಿದರೆ ಇಡೀ ಊರನ್ನು ಉದ್ದಕ್ಕೆ ಸೀಳಿಕೊಂಡು ಹೋಗಬೇಕು, ಸಂಜೆ ಹಾಗೇ ಬರಬೇಕು. ಆ ದಾರಿಯಲ್ಲಿ ನಾನು ಮಾಡಿದ ಯೋಚನೆಗಳು ಯಾವ ಶತ್ರುವಿಗೂ ಬೇಡ.

ಆ ಆಷಾಢದ ಹೊತ್ತಿಗೆ ನಮಗೆ ಉಳಿದಿದ್ದದ್ದು ಒಂದೇ ಒಂದು ಭ್ರೂಣ. ಆಸ್ಪತ್ರೆಯ ತಣ್ಣನೆಯ ಪೆಟ್ಟಿಗೆಯಲ್ಲಿ ಎಲ್ಲೋ ಇತ್ತು. ಅದರ ಜೊತೆಯವೆರಡು ಆಗಲೇ ನನ್ನೊಳಗೆ ಬಂದು, ಕಚ್ಚಿಕೊಳ್ಳದೆ, ಮುಟ್ಟಿನ ಜೊತೆ ಹೋಗಿದ್ದವು. ನನಗೆ ನಲವತ್ತು ಸಮೀಪಿಸುತ್ತಿತ್ತು. ಇನ್ನು ಮೊಟ್ಟೆ ತೆಗೆಯಲು ನೋಡಿದರೂ ಸಿಗುವುದು ಸುಳ್ಳು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಉಳಿದದ್ದು ಅದೊಂದೇ. ಅದು ನಿಂತರೆ ಮಗು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಅದನ್ನು ಇಡುವ ಮೊದಲು ಒಂದು ಪರೀಕ್ಷೆ ಮಾಡೋಣ ಎಂದರು ಅವರು. ಗರ್ಭಕೋಶದ ಒಳಪದರದ ಒಂದು ಚೂರು ತೆಗೆದು, ಅದರಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ ಎಂದು ನೋಡುವುದು.

"ಆ ಜಾಗದಲ್ಲಿ ಯಾವ ಕ್ರಿಮಿಯೂ ಇರೋದಿಲ್ಲ ಅಂತ ನಾವು ಓದಿದ್ದಮ್ಮಾ," ಎಂದರು ತಮಿಳಿನಲ್ಲಿ. "ಈಗ ಇರುತ್ತೆ ಅಂತಾರೆ. ತುಂಬಾ ಕಡಿಮೆ, ಆದರೆ ಇರುತ್ತೆ. ಅದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಂತ ಒಳ್ಳೆಯದೊಂದಿದೆ. ಅದು ಹೆಚ್ಚಾಗಿದ್ದರೆ ಭ್ರೂಣ ನಿಲ್ಲೋದು ಸುಲಭ ಅಂತ ಕೆಲವರ ಅಭಿಪ್ರಾಯ. ಎಲ್ಲರೂ ಒಪ್ಪೋದಿಲ್ಲ."

"ನೀವು ಒಪ್ತೀರಾ ಡಾಕ್ಟರ್?" ಎಂದೆ.

"ಎರಡು ಸಲ ಆಗಲಿಲ್ಲ. ಯಾಕೆ ಅಂತ ಕೇಳೋಕೆ ನನ್ನ ಹತ್ತಿರ ಉಳಿದಿರೋ ಬಾಗಿಲು ಇದೊಂದೇ," ಎಂದರು. ಆಮೇಲೆ, ಪಾಪ, ಸಮಾಧಾನಕ್ಕೆಂದು ಒಂದು ಮಾತು ಸೇರಿಸಿದರು. "ಹೆದರಬೇಡಿ. ಮೊಸರಲ್ಲಿರುತ್ತಲ್ಲ, ಅದೇ ಕುಲದ್ದು."

ವರದಿ ಬಂತು. ನನ್ನೊಳಗೆ ಇರಬೇಕಾದವು ಇರಲಿಲ್ಲ, ಇರಬಾರದವು ಬೇಕಾದಷ್ಟಿದ್ದವು. ಮನೆಗೆ ಬರುವಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಹನ್ನೆರಡನೆಯ ವಯಸ್ಸಿನಿಂದ ಆ ಜಾಗ ಮೈಲಿಗೆ ಎಂದು ಹೇಳಿಸಿಕೊಂಡು ಬೆಳೆದವಳು ನಾನು. ತಿಂಗಳಿಗೆ ಮೂರು ದಿನ ಅಡುಗೆಮನೆಯಿಂದ ಹೊರಗೆ, ದೇವರಮನೆಯ ಕಡೆ ತಲೆಹಾಕುವಂತಿಲ್ಲ, ತಟ್ಟೆ ಬೇರೆ, ಚಾಪೆ ಬೇರೆ. ಈಗ ನೋಡಿದರೆ ಅಲ್ಲಿ ಜೀವಿಗಳು ಸಾಲದು ಎನ್ನುತ್ತಿದ್ದಾರೆ. ಇಷ್ಟು ವರ್ಷ ತಿಕ್ಕಿ ತೊಳೆದ ಜಾಗದಲ್ಲಿ ಈಗ ಜೀವಿಗಳನ್ನು ಸಾಕಬೇಕಂತೆ.

ಆಗ ಶಾಕವ್ರತದ ತಿಂಗಳು. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ತಿಂಗಳಿಗೊಂದು ಪದಾರ್ಥ ಬಿಡುವುದು ನಮ್ಮವರ ಪದ್ಧತಿ. ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಅತ್ತೆ ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಒಂದು ಸಲವೂ ತಪ್ಪಿಸಿದವರಲ್ಲ. ಮಾವ ಐಸಿಯುನಲ್ಲಿದ್ದಾಗ ಕೂಡ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಾಂಬಾರಿನಿಂದ ತರಕಾರಿ ತೆಗೆದಿಟ್ಟು, ಅದೂ ಸರಿಯಲ್ಲವೆನಿಸಿ ಬರೀ ಅನ್ನ ತಿಂದು ಎದ್ದವರು.

ಅವರಿಗೆ ವರದಿಯ ವಿಷಯ ಹೇಳಿದವನು ಗುರು. ತಾಯಿಗೆ ತಿಳಿಯುವಂತೆ ಹೇಳಬೇಕೆಂದು ಡಾಕ್ಟರಮ್ಮನ ಮಾತನ್ನೇ ಹೇಳಿದ, ಮೊಸರಿನ ಕುಲದ್ದು ಎಂದು. ಅತ್ತೆ ಒಣ ಮಾವಿನಕಾಯಿ ನೆನೆಹಾಕುತ್ತಿದ್ದವರು ಕೈ ನಿಲ್ಲಿಸಿದರು.

"ಅಂದ್ರೆ ಇವಳಿಗೆ ಹೆಪ್ಪು ನಿಲ್ತಿಲ್ಲ ಅನ್ನು," ಎಂದರು. "ಅಷ್ಟೇನಾ. ಅದನ್ನ ಹೇಳೋಕೆ ಅವರಿಗೆ ಇಷ್ಟು ವರ್ಷ ಬೇಕಾಯ್ತಾ?"

ಡಾಕ್ಟರಮ್ಮ ಹದಿನೈದು ದಿನದ ಮಾತ್ರೆ ಕೊಟ್ಟರು. ಕೆಟ್ಟವನ್ನು ಕೊಲ್ಲುವ ಮಾತ್ರೆ. ಬಾಯೆಲ್ಲ ತುಕ್ಕು ಹಿಡಿದ ಕಬ್ಬಿಣದ ರುಚಿ. ತಮಿಳರ ಆಡಿ ತಿಂಗಳ ಧಗೆ, ತರಕಾರಿಯಿಲ್ಲದ ಊಟ, ಹುಣಸೆಯಿಲ್ಲ, ಮೆಣಸಿನಕಾಯಿಯಿಲ್ಲ, ಬರೀ ಹೆಸರುಬೇಳೆ ತೊವ್ವೆ. ಕ್ಯಾಬಿನಲ್ಲಿ ಕಿಟಕಿಗೆ ತಲೆ ಆನಿಸಿ ವಾಂತಿ ತಡೆದುಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕೂರುವ ಹುಡುಗಿ ಒಂದು ದಿನ ಮೆಲ್ಲಗೆ "ಅಕ್ಕಾ, ಏನಾದರೂ ವಿಶೇಷವಾ?" ಎಂದಳು. ಅಲ್ಲ ಎಂದೆ. ಆ ದಿನ ಮತ್ತೆ ಅವಳ ಮುಖ ನೋಡಲಿಲ್ಲ.

ಅದು ಮುಗಿದ ಮೇಲೆ ಒಳ್ಳೆಯವನ್ನು ತುಂಬುವ ಸರದಿ. ಅವು ಮಲಗುವಾಗ ಒಳಗೆ ಇಟ್ಟುಕೊಳ್ಳುವ ಗುಳಿಗೆಗಳು, ಫ್ರಿಜ್ಜಿನಲ್ಲೇ ಇರಬೇಕು. ನಮ್ಮ ಫ್ರಿಜ್ಜಿನ ಮೇಲಿನ ಅಂತಸ್ತು ದೇವರದು. ನೈವೇದ್ಯದ ಹಾಲು, ತುಳಸಿ, ಹೂವು ಬಿಟ್ಟು ಅಲ್ಲಿ ಇನ್ನೇನೂ ಇಡುವಂತಿಲ್ಲ. ನಾನು ಗುಳಿಗೆಯ ಡಬ್ಬಿಯನ್ನು ಎಲ್ಲಕ್ಕಿಂತ ಕೆಳಗೆ, ಖಾಲಿ ಬಿದ್ದಿದ್ದ ತರಕಾರಿ ಬುಟ್ಟಿಯ ಪಕ್ಕ ಬಚ್ಚಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಅದು ಮೇಲಿನ ಅಂತಸ್ತಿನಲ್ಲಿ, ತುಳಸಿಯ ಪಕ್ಕದಲ್ಲಿದೆ.

"ಅತ್ತೆ, ಅದು ಎಲ್ಲಿ ಇಟ್ಟುಕೊಳ್ಳೋದು ಗೊತ್ತಲ್ಲ?" ಎಂದೆ.

"ಗೊತ್ತು. ನಾನೂ ಹೆತ್ತವಳೇ," ಎಂದರು. "ಅಲ್ಲಿ ಚೆನ್ನಾಗಿ ಕೂಲ್ ಆಗುತ್ತೆ. ಸುಮ್ನೆ ಇರು."

ಅಷ್ಟರಲ್ಲಿ ಶ್ರಾವಣದ ಏಕಾದಶಿ ಕಳೆದು ದಧಿವ್ರತ ಬಂತು. ಅಂದರೆ ಒಂದು ತಿಂಗಳು ಊಟಕ್ಕೆ ಮೊಸರಿಲ್ಲ. ಮಜ್ಜಿಗೆಗೆ ಅಡ್ಡಿಯಿಲ್ಲ. ಗುರುವಿನಂಥವರು ಇದರಲ್ಲಿ ದಾರಿ ಕಂಡುಕೊಂಡಿದ್ದಾರೆ, ಕಡೆಯಲೆಂದು ಇಟ್ಟ ಗಟ್ಟಿ ಮೊಸರಿಗೆ ಒಂದು ಚಮಚ ನೀರು ಹಾಕಿ ಎರಡು ಸುತ್ತು ತಿರುಗಿಸಿ "ಮಜ್ಜಿಗೆ" ಎಂದು ಘೋಷಿಸಿಬಿಡುವುದು. ಅತ್ತೆ ಪ್ರತಿವರ್ಷ ಅವನನ್ನು ಬೈಯುತ್ತಾರೆ, ಅವನು ಪ್ರತಿವರ್ಷ ಹಾಗೇ ಮಾಡುತ್ತಾನೆ.

ಮೊದಲ ದಿನ ನಾನು ಊಟಕ್ಕೆ ಕೂತೆ. ಕೊನೆಯ ಅನ್ನಕ್ಕೆ ಅತ್ತೆ ಬೆಳ್ಳಿಬಟ್ಟಲು ತಂದು ಮುಂದಿಟ್ಟರು. ಅದರ ತುಂಬ ಮೊಸರು. ಚಮಚ ನಿಲ್ಲಿಸಿದರೆ ನಿಲ್ಲಬೇಕು, ಅಷ್ಟು ಗಟ್ಟಿ.

ಗುರು ಬಾಯಿ ತೆರೆದುಕೊಂಡು ನೋಡಿದ. "ಅಮ್ಮಾ, ಇದೇನಿದು? ಬೇಕಿದ್ರೆ ಅವಳಿಗೆ ಮಜ್ಜಿಗೆ ಕೊಡು. ವ್ರತಾನೂ ಉಳಿಯುತ್ತೆ."

"ಕಡೆದ ಮೇಲೆ ಅದರಲ್ಲಿ ಜೀವ ಎಲ್ಲಿರುತ್ತೋ?" ಎಂದರು ಅತ್ತೆ. "ಡಾಕ್ಟರ್ ಹೇಳಿದ್ದು ತಯಿರು, ಮೊಸರು. ಮೋರು, ಮಜ್ಜಿಗೆ ಅಂತ ಹೇಳಿದ್ರಾ? ಅವಳಿಗೆ ಬೇಕಾಗಿರೋದು ಕೂಡಿಕೊಳ್ಳೋದು. ಕಡೆದಿದ್ದು ಏನು ಕೂಡುತ್ತೆ?"

"ಅತ್ತೆ, ನಿಮ್ಮ ವ್ರತ," ಎಂದೆ ನಾನು.

"ನಿನ್ನ ಪಾಲಿನ ವ್ರತ ನಾನು ಮಾಡ್ತೀನಿ. ನನಗೆ ಮೊಸರೂ ಬೇಡ, ಮಜ್ಜಿಗೆಯೂ ಬೇಡ. ಎರಡು ಜನದ್ದು ಒಬ್ಬಳೇ ಮಾಡಿದ್ರೆ ಲೆಕ್ಕ ಸರಿಯಾಯ್ತಲ್ಲ. ನೀನು ತಿನ್ನು."

ತಿಂದೆ. ಇನ್ನೇನು ಮಾಡಲಿ. ಅತ್ತೆ ಬಾಗಿಲಲ್ಲಿ ನಿಂತು, ನಾನು ಬಟ್ಟಲು ಬಳಿಯುವವರೆಗೂ ನೋಡಿದರು. ಆಮೇಲೆ ತಾವು ಒಳಗೆ ಕೂತು ಸಾರನ್ನ ಉಂಡು, ಕೊನೆಯ ತುತ್ತಿಗೆ ಬರೀ ನೀರು ಕಲಸಿಕೊಂಡು ಎದ್ದರು. ಮಜ್ಜಿಗೆಯಿಲ್ಲದೆ ಊಟ ಮುಗಿಸಿದರೆ ಅವರಿಗೆ ಎದೆಯುರಿ ಬರುತ್ತದೆ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ, ತಿಂದ ಮೊಸರು ಅಲ್ಲಿಗೆ ಹೋಗುತ್ತದೆಯೇ ಎಂದು. ಅವರು ನಕ್ಕರು. "ಊಟದ ಮೊಸರು ಹೊಟ್ಟೆಗಷ್ಟೇ ಅಮ್ಮಾ. ಅದೇ ಕುಲ ಅಂದೆ, ಅದೇ ಅಲ್ಲ. ತಿನ್ನಿ, ಕೆಟ್ಟದ್ದೇನಿಲ್ಲ. ಆದರೆ ಅದರಿಂದ ಇದು ತುಂಬೋದಿಲ್ಲ."

ಅಂದೇ ಹೇಳಿಬಿಡಬೇಕೆಂದು ಮನೆಗೆ ಬಂದೆ. ಅತ್ತೆ ಹಾಲಿನ ಪಾತ್ರೆಯನ್ನು ಅಂಗೈಗೆ ತಾಗಿಸಿ ಬಿಸಿ ನೋಡುತ್ತಿದ್ದರು. ಹಾಲು ಉಗುರುಬೆಚ್ಚಗೆ ಆಗಬೇಕು, ಸ್ವಲ್ಪ ಹೆಚ್ಚಾದರೂ ಹೆಪ್ಪು ಸಾಯುತ್ತದೆ, ಕಡಿಮೆಯಾದರೆ ಏಳುವುದಿಲ್ಲ. ಕಣ್ಣು ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತ, ಮಗುವಿನ ಜ್ವರ ನೋಡುವವರ ಹಾಗೆ ನಿಂತಿದ್ದರು. ನಾನು ಗುರುವಿಗೆ ಹೇಳಿದೆ, ನೀನೇ ಹೇಳು, ಅವರು ಸುಮ್ಮನೆ ಎದೆಯುರಿಯಲ್ಲಿ ಸಾಯುತ್ತಿದ್ದಾರೆ ಎಂದು. ಅವನು, "ಬಿಡು ವಸು. ಮದುವೆಯಾಗಿ ಹನ್ನೊಂದು ವರ್ಷ, ಅಮ್ಮಂಗೆ ಈ ವಿಷಯದಲ್ಲಿ ಮಾಡೋಕೆ ಒಂದು ಕೆಲಸ ಅಂತ ಸಿಕ್ಕಿದ್ದು ಇದೇ ಮೊದಲು. ಮಗು ಬಂದ ಮೇಲೆ ಎಲ್ಲರೂ ಕೂತು ನಗೋಣ," ಎಂದ. ಮಗು ಬಂದ ಮೇಲೆ ಎಂದು ಅವನು ಎಷ್ಟು ಸಲೀಸಾಗಿ ಅಂದನೆಂದರೆ, ನಾನೂ ನಂಬಿಬಿಟ್ಟೆ.

ಎರಡನೆಯ ಸಲ ಚೂರು ತೆಗೆದು ಕಳಿಸಿದ್ದರ ವರದಿ ಕ್ಷೀರವ್ರತದ ತಿಂಗಳಲ್ಲಿ ಬಂತು. ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಮೊದಲು ಬೋಳಾಗಿದ್ದ ಜಾಗವೆಲ್ಲ ತುಂಬಿತ್ತು. ಒಳ್ಳೆಯವು ಬಂದಿದ್ದವು, ಬೇಡದವು ಹೋಗಿದ್ದವು. "ಇಷ್ಟು ಚೆನ್ನಾಗಿ ತಿರುಗೋದು ಅಪರೂಪ," ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ನನ್ನ ದೇಹ ಯಾವುದೋ ಒಂದು ಪರೀಕ್ಷೆಯಲ್ಲಿ ಪಾಸಾದದ್ದು ಅದೇ ಮೊದಲು. ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ನನ್ನನ್ನು ನೋಡಲಿಲ್ಲ, ದೇವರಮನೆಯ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಹಾಲಿಲ್ಲದ ತಿಂಗಳು ಎಂಬುದನ್ನೂ ಮರೆತು "ಕಾಫಿ ಕುಡೀತೀಯಾ?" ಎಂದರು. ಅವರ ಬಾಯಿಂದ ಅಂಥ ತಪ್ಪು ಬಂದದ್ದನ್ನು ನಾನು ಕೇಳಿದ್ದೇ ಇಲ್ಲ.

ಭ್ರೂಣ ಇಡುವ ದಿನ ಮಳೆ ಶುರುವಾಗಿತ್ತು. ಮದರಾಸಿನ ಮಳೆ ಬರುವುದೇ ಉಳಿದ ಊರುಗಳ ಮಳೆಯೆಲ್ಲ ಮುಗಿದ ಮೇಲೆ, ಬಂದರೆ ಒಂದೇ ಸಮ. ಓಣಿಯಲ್ಲಿ ಮೊಣಕಾಲುದ್ದ ನೀರು, ಚರಂಡಿ ಯಾವುದು ರಸ್ತೆ ಯಾವುದು ತಿಳಿಯದು. ಹೊಟ್ಟೆ ತುಂಬ ನೀರು ಕುಡಿದು ಮೂತ್ರ ತಡೆದುಕೊಂಡು ಬರಬೇಕೆಂದು ಹೇಳಿದ್ದರು, ಹಾಗಿದ್ದರೆ ಯಂತ್ರದಲ್ಲಿ ಒಳಗೆ ಚೆನ್ನಾಗಿ ಕಾಣುತ್ತದಂತೆ. ಆಟೋ ಒಂದೊಂದು ಗುಂಡಿಗೂ ಎಗರುವಾಗ ನಾನು ಸೀಟು ಹಿಡಿದು ಕೂತಿದ್ದೆ. ಗುರು ನನ್ನ ಮುಖ ನೋಡಿ ನಗಲು ಶುರುಮಾಡಿದ, ನನಗೂ ನಗು ಬಂತು, ನಕ್ಕರೆ ತಡೆಯಲಾಗದು. ಆಟೋದವನು "ಸಿರಿಕ್ಕಾದೀಂಗ ಮ್ಯಾಡಂ, ನಗಬೇಡಿ, ಬಂದೇಬಿಟ್ಟಿತು" ಎಂದು ಎರಡು ಭಾಷೆಯಲ್ಲೂ ಬೇಡಿಕೊಂಡ. ಆ ವರ್ಷದಲ್ಲಿ ನಾವಿಬ್ಬರೂ ಮನಸಾರೆ ನಕ್ಕದ್ದು ಆ ದಾರಿಯಲ್ಲೊಂದೇ.

ಆಮೇಲೆ ಎರಡು ವಾರ ಕಾಯುವುದು. ಬೇಳೆಯಿಲ್ಲದ ತಿಂಗಳು. ಹೊರಗೆ ಮಳೆ, ಆಫೀಸಿಗೆ ರಜೆ. ಹಾಸಿಗೆಯಲ್ಲಿ ಮಲಗಿ ನನ್ನ ಹೊಟ್ಟೆಯ ಸದ್ದಿಗೆ ಕಿವಿಗೊಟ್ಟಿದ್ದೆ. ಸೀನಲೂ ಹೆದರಿಕೆ. ಈ ಸಲ ಎಲ್ಲ ಸರಿಯಿದೆ, ಭ್ರೂಣ ಚೆನ್ನಾಗಿದೆ, ಪದರ ಚೆನ್ನಾಗಿದೆ, ಜೀವಿಗಳೂ ಚೆನ್ನಾಗಿವೆ, ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಬಂದು ಕಾಲಬಳಿ ಕೂತು ಹೋಗುತ್ತಿದ್ದರು. ಬೆಳ್ಳಿಬಟ್ಟಲು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ರಕ್ತಪರೀಕ್ಷೆ ಆಯಿತು. ಇಲ್ಲ ಎಂದು ಬಂತು.

ಡಾಕ್ಟರಮ್ಮ ಈ ಸಲ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ನಾನು ಕೇಳಿದ್ದು ಒಂದೇ ಮಾತು, ಯಾಕೆ ಎಂದು.

"ತೆರಿಯಲಮ್ಮಾ," ಎಂದರು. ಗೊತ್ತಿಲ್ಲ. "ನೀವು ಎಲ್ಲಾ ಸರಿಯಾಗಿ ಮಾಡಿದ್ರಿ. ಎಲ್ಲಾ ಸರಿಯಿದ್ದೂ ಕೆಲವು ಸಲ ನಿಲ್ಲೋದಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ನನಗೆ ಬೇಕಿದ್ದದ್ದು ಆ ಮಾತಲ್ಲ. ಮೊದಲೆರಡು ಸಲ ಹೋದಾಗ ಏನೋ ಕೊರತೆಯಿದೆ, ಹುಡುಕಿದರೆ ಸಿಗುತ್ತದೆ ಎಂಬ ಆಸೆಯಾದರೂ ಇತ್ತು. ಈಗ ಕೊರತೆಯೂ ಇಲ್ಲ, ಮಗುವೂ ಇಲ್ಲ. ಇನ್ನು ಏನನ್ನು ಸರಿಮಾಡಿಕೊಳ್ಳುವುದು, ಯಾವುದನ್ನು ಇಟ್ಟುಕೊಂಡು.

ಮನೆಯಲ್ಲಿ ಅತ್ತೆ ಅಳಲಿಲ್ಲ. ಗುರುವೇ ಹೇಳಿದ. ಅವರು ಕೇಳಿ, ತಲೆಯಾಡಿಸಿ, ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನು ಒಳಗೆ ಹೋದಾಗ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

"ನಾನೇ ಕೆಡಿಸಿದೆ," ಎಂದರು. "ದಧಿವ್ರತದಲ್ಲಿ ನನ್ನ ಕೈಯಾರೆ ಮೊಸರು ಬಡಿಸಿದೆನಲ್ಲ. ನಲವತ್ತಾರು ವರ್ಷ ನಡೆಸಿಕೊಂಡು ಬಂದು, ಬೇಕಾದ ವರ್ಷವೇ ಭಂಗ ಮಾಡಿದೆ. ದೇವರು ಸುಮ್ನೆ ಬಿಡ್ತಾನಾ?"

ಸಹಿಸಲಾಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿಯೇಬಿಟ್ಟೆ. ಅತ್ತೆ, ಮೊಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ತಿಂದದ್ದು ಅಲ್ಲಿಗೆ ಹೋಗುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ನಿಮ್ಮಿಂದ ಏನೂ ಆಗಿಲ್ಲ.

ಅತ್ತೆ ಗೋಡೆಯಿಂದ ಬೆನ್ನೆತ್ತಿ ನನ್ನ ಕಡೆ ತಿರುಗಿದರು.

"ಏನೂ ಆಗ್ಲಿಲ್ವಾ?" ಎಂದರು. "ಎಲ್ಲಾ ಸುಮ್ನೇನಾ?"

ನಾನು ತಲೆ ತಗ್ಗಿಸಿದೆ.

"ಬೇಡ ವಸುಧಾ. ನನ್ನ ತಪ್ಪು ಅಂತಲೇ ಇರಲಿ," ಎಂದರು ಅತ್ತೆ. "ತಪ್ಪು ಅಂದ್ರೆ ಪ್ರಾಯಶ್ಚಿತ್ತ ಅಂತ ಒಂದಿರುತ್ತೆ. ಸುಮ್ನೆ ಹೋಯ್ತು ಅಂದ್ರೆ ನಾನೇನು ಮಾಡ್ಲಿ?"

ನಿಜ ಹೇಳಬೇಕೆಂದರೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಅವರಿಗೆ ಹಿಡಿದುಕೊಳ್ಳಲು ಒಂದು ಕಾರಣವಿತ್ತು. ನಾನೂ ಹುಡುಕಿದೆ. ಹುಚ್ಚಿಯ ಹಾಗೆ ಹುಡುಕಿದೆ. ಆಟೋದಲ್ಲಿ ನಕ್ಕಿದ್ದಕ್ಕೆ ಹೋಯಿತೇ, ಒಂದು ದಿನ ಮೆಟ್ಟಿಲು ಬೇಗ ಇಳಿದಿದ್ದಕ್ಕೆ ಹೋಯಿತೇ, ಗುಳಿಗೆ ಇಟ್ಟುಕೊಂಡ ಮೇಲೆ ಒಂದು ರಾತ್ರಿ ಎದ್ದು ಓಡಾಡಿದ್ದಕ್ಕೆ ಹೋಯಿತೇ. ಒಂದೊಂದನ್ನೂ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಅದಲ್ಲ ಅಮ್ಮಾ, ಅದೂ ಅಲ್ಲ ಎಂದರು.

ಉತ್ಥಾನ ದ್ವಾದಶಿಗೆ ಚಾತುರ್ಮಾಸ್ಯ ಮುಗಿಯುತ್ತದೆ. ನಾಲ್ಕು ವ್ರತಗಳನ್ನೂ ದೇವರಿಗೆ ಒಪ್ಪಿಸುವ ದಿನ. ಮಳೆ ಬಿಟ್ಟಿತ್ತು, ಗೋಡೆಗಳಲ್ಲಿ ಇನ್ನೂ ತೇವ. ಪ್ರತಿವರ್ಷ ಬರುವ ಆಚಾರ್ಯರು ಬಂದರು. ಅತ್ತೆ ಮಡಿಯುಟ್ಟು ಮಣೆಯ ಮೇಲೆ ಕೂತು, ವ್ರತಭಂಗವಾಗಿದೆ, ಪ್ರಾಯಶ್ಚಿತ್ತ ಸಂಕಲ್ಪ ಮಾಡಿಸಿ ಎಂದರು. ನಡೆದದ್ದನ್ನು ಚುಟುಕಾಗಿ ಹೇಳಿದರು. ಆಚಾರ್ಯರು ಸ್ವಲ್ಪ ಯೋಚಿಸಿ, "ತಿಂದವರು ನಿಮ್ಮ ಸೊಸೆ ಅಲ್ವಾ ಅಮ್ಮಾ? ಹಾಗಾದ್ರೆ ಅವರೂ ಕೂತ್ಕೊಳ್ಳಲಿ. ಅವರ ಕೈಗೂ ನೀರು ಹಾಕೋಣ," ಎಂದರು.

ನಾನು ಬಾಗಿಲಲ್ಲಿ ನಿಂತಿದ್ದವಳು ಎದೆ ಹಗುರಾದಂತಾಗಿ ಮುಂದೆ ಬಂದೆ. ನನಗೆ ಇದರಲ್ಲಿ ನಂಬಿಕೆಯಿದೆಯೋ ಇಲ್ಲವೋ ಎಂದು ಆ ಗಳಿಗೆಯಲ್ಲಿ ಯೋಚಿಸಲಿಲ್ಲ. ಗುರು ಇನ್ನೊಂದು ಮಣೆ ತಂದು ಹಾಕಿದ. ಕೂರಲು ಸೆರಗು ಸರಿಮಾಡಿಕೊಂಡೆ.

ಅತ್ತೆ ಕೈ ಅಡ್ಡ ಹಿಡಿದರು. ಮಡಿಯಲ್ಲಿದ್ದರು, ನನ್ನನ್ನು ಮುಟ್ಟುವಂತಿರಲಿಲ್ಲ.

"ಅವಳು ಬೇಡ ಆಚಾರ್ರೇ," ಎಂದರು ಮೆಲ್ಲಗೆ, ಎಂದೂ ಇಲ್ಲದ ಅಕ್ಕರೆಯಿಂದ. "ಅವಳು ಪಾಪ, ಎಲ್ಲಾ ಸರಿಯಾಗೇ ಮಾಡಿದ್ಲು. ಅವಳದೇನೂ ತಪ್ಪಿಲ್ಲ."

ನಾನು ಮಣೆಯ ಪಕ್ಕದಲ್ಲಿ ಹಾಗೇ ನಿಂತಿದ್ದೆ. ಅದುಮಿಟ್ಟಿದ್ದ ಅಳು ಆಗ ಬಂತು, ಮನೆಯೆಲ್ಲ ಕೇಳುವಂತೆ. ಆಚಾರ್ಯರು ಉದ್ಧರಣೆಯ ನೀರನ್ನು ಕೈಯಲ್ಲೇ ಹಿಡಿದುಕೊಂಡು, ನಾನು ನಿಲ್ಲಿಸಲೆಂದು ಕಾದರು.